ಮುಂಬಯಿಯಲ್ಲಿ ಒಬ್ಬಂಟಿಗನ ಸಂಜೆ

ಪರಸ್ಥಳದಲ್ಲಿ ಹಗಲು ಹೇಗೋ ಕಳೆದುಹೋಗುತ್ತದೆ. ಬಂದ ಕೆಲಸವಿರುತ್ತದೆ, ನೋಡಬೇಕಾದ ಕಛೇರಿಯಿರುತ್ತದೆ, ಕಾಯಬೇಕಾದ ಸಾಲು ಇರುತ್ತದೆ. ಕಷ್ಟವಾಗುವುದು ಸಂಜೆ. ಆರು ಗಂಟೆಯಾಯಿತೆಂದರೆ ಊರಿನವರೆಲ್ಲ ತಂತಮ್ಮ ಮನೆಗಳತ್ತ ಮುಖಮಾಡುತ್ತಾರೆ. ಹೋಗಲು ಮನೆಯಿಲ್ಲದವನು ಪ್ರವಾಸಿಯೊಬ್ಬನೇ. ಲಾಡ್ಜಿನ ಕೋಣೆಗೆ ಹಿಂದಿರುಗಿದರೆ ಅಲ್ಲಿ ಒಂದು ಮಂಚ, ಒಂದು ಕುರ್ಚಿ, ಗೋಡೆಯ ಮೇಲೊಂದು ಟೆಲಿವಿಷನ್. ಕೈಯಲ್ಲಿ ಮೊಬೈಲಿದೆ ಎಂಬುದೇನೋ ನಿಜ. ಆದರೆ ಅದನ್ನು ನೋಡುತ್ತ ಕುಳಿತಿರುವುದಕ್ಕೆ ಇಷ್ಟು ದೂರ ಬರಬೇಕಾಗಿರಲಿಲ್ಲ. ಆರರಿಂದ ಹತ್ತರವರೆಗಿನ ಈ ನಾಲ್ಕು ಗಂಟೆಗಳೇ ಒಂಟಿ ಪ್ರವಾಸಿಯ ಪಾಲಿಗೆ ಅತಿ ದೀರ್ಘವಾದುವು.

ನಮ್ಮ ಮನೆಗಳಿಂದ ಮುಂಬಯಿಗೆ ಒಬ್ಬೊಬ್ಬರೇ ಹೋಗಿಬರುವವರು ಎಷ್ಟೋ ಮಂದಿ. ಸಂದರ್ಶನಕ್ಕೆ ಹೋಗುವ ಮಗ, ತರಬೇತಿಗೆ ಹೋಗುವ ಮಗಳು, ಕಛೇರಿಯ ಕೆಲಸದ ಮೇಲೆ ಹೋಗುವ ಯಜಮಾನರು. ಇವರಲ್ಲದೆ, ೧೯೪೧ರಿಂದ ಪರೇಲಿನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಗೆ ರೋಗಿಯ ಜೊತೆಯಾಗಿ ಹೋಗುವ ಅಣ್ಣನೋ ತಮ್ಮನೋ ಬೇರೆ. ರೋಗಿಯನ್ನು ನೋಡುವ ಹೊತ್ತು ಮುಗಿದು, ಹೊರಗಿನ ಫುಟ್‌ಪಾತಿನ ಮೇಲೆ ನಿಂತು, ಇನ್ನು ಎಲ್ಲಿಗೆ ಹೋಗುವುದೆಂದು ತಿಳಿಯದವನ ಸಂಜೆ ಎಲ್ಲಕ್ಕಿಂತ ಭಾರವಾದುದು. ಇಂಥವರು ಆ ಮಹಾನಗರದಲ್ಲಿ ತಮ್ಮ ಸಂಜೆಯನ್ನು ಹೇಗೆ ಕಳೆಯಬಹುದು ಎಂಬುದು ಈ ಲೇಖನದ ವಿಷಯ.

ಮೊದಲೇ ಒಂದು ಮಾತನ್ನು ಹೇಳಿಬಿಡುವುದು ಒಳ್ಳೆಯದು. ಒಬ್ಬನೇ ಬಂದವನಿಗೆ ಭಾರತದ ಯಾವ ಊರಾದರೂ ಹೊಸದಲ್ಲವೆಂದರೆ ಅದು ಮುಂಬಯಿ. ಅಲ್ಲಿ ಒಬ್ಬಂಟಿಗನನ್ನು ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕೆ ಕಾರಣ ಆ ಊರಿನವರ ನಿರ್ಲಕ್ಷ್ಯವಲ್ಲ, ಅವರ ಅಭ್ಯಾಸ.

ಒಂಟಿಯಾಗಿ ಬಂದವರು ಕಟ್ಟಿದ ಊರು

ಪರೇಲ್, ಲಾಲ್‌ಬಾಗ್, ಗಿರಗಾಂವ್‌ಗಳ ಹೆಸರು ಕೇಳದವರು ಕಡಮೆ. ನೂರಾರು ಅಡಿ ಎತ್ತರದ ಗೋಪುರಗಳು ಇಂದು ತಲೆಯೆತ್ತಿರುವ ಪರೇಲ್, ಲಾಲ್‌ಬಾಗ್‌ಗಳಲ್ಲಿ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಚಿಮಣಿಗಳಿದ್ದುವು. ಕೊಂಕಣದಿಂದ, ಸಾತಾರ ಕೊಲ್ಹಾಪುರಗಳಿಂದ ಬಂದ ಗಿರಣಿ ಕೆಲಸಗಾರರು ಹೆಂಡತಿ ಮಕ್ಕಳನ್ನು ಹಳ್ಳಿಯಲ್ಲಿ ಬಿಟ್ಟು ಒಬ್ಬರೇ ಬರುತ್ತಿದ್ದರು. ಒಂದೇ ಹಳ್ಳಿಯ ಹತ್ತಾರು ಮಂದಿ ಸೇರಿ ಒಂದು ಖೋಲಿ ಹಿಡಿಯುವರು. ಹಗಲು ಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿ ಪಾಳಿಯವನು ಮಲಗುವನು. ಕೋಣೆಯಲ್ಲಿ ಕುಳಿತುಕೊಳ್ಳಲು ಸ್ಥಳವೇ ಇಲ್ಲದ ಇವರು ಸಂಜೆಯನ್ನು ಬೀದಿಯಲ್ಲಿ, ಭಜನೆಯಲ್ಲಿ, ತಮಾಷೆಯ ಆಟಗಳಲ್ಲಿ ಕಳೆದರು. ಇವರಿಗೆ ಊಟ ಹಾಕುತ್ತಿದ್ದುದು ಖಾನಾವಳಿ; ಎಂದರೆ ಆಸುಪಾಸಿನ ಬಡ ಗೃಹಿಣಿಯರು ತಮ್ಮ ಮನೆಯ ಒಲೆಯ ಮೇಲೆ ಬೇಯಿಸಿ ತಿಂಗಳ ಲೆಕ್ಕದಲ್ಲಿ ಬಡಿಸುತ್ತಿದ್ದ ಅನ್ನ. ಈ ಗೃಹಿಣಿಯರು ಸಾಲದ ಶೂಲಕ್ಕೆ ಸಿಕ್ಕಿದ್ದುದನ್ನು ಕಂಡು ಪ್ರೇಮಾ ಪುರವ್ ಎಂಬವರು ೧೯೭೫ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಸ್ಥಾಪಿಸಿದರು. ೧೯೮೨ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ತರುವಾಯ ಆ ಲೋಕ ಕರಗಿತು. ಆದರೆ ಒಬ್ಬನೇ ಬಂದವನಿಗೂ ಒಂದು ತಾಣವಿರಬೇಕೆಂಬ ಅದರ ತಿಳಿವಳಿಕೆ ಮಾತ್ರ ಊರಿನಲ್ಲಿ ಉಳಿದಿದೆ.

ಇದೇ ಕಥೆಯ ಇನ್ನೊಂದು ಅಧ್ಯಾಯ ನಮ್ಮ ಕರಾವಳಿಯದು. ದಕ್ಷಿಣ ಕನ್ನಡದ ಹಳ್ಳಿಗಳಿಂದ ಹನ್ನೆರಡು ಹದಿನಾಲ್ಕು ವರ್ಷದ ಹುಡುಗರು ಪರಿಚಯದವರ ಬೆನ್ನುಹಿಡಿದು ಮುಂಬಯಿ ಸೇರಿದರು. ಹಗಲೆಲ್ಲ ಹೊಟೇಲಿನಲ್ಲಿ ಲೋಟ ತೊಳೆದು, ಮೇಜು ಒರೆಸಿ, ಸಂಜೆ ಕೈ ಒರೆಸಿಕೊಂಡು ಅವರು ಹೋಗುತ್ತಿದ್ದುದು ರಾತ್ರಿಶಾಲೆಗೆ. ಕಳೆದ ಶತಮಾನದ ಪೂರ್ವಾರ್ಧದಿಂದಲೇ ಮೊಗವೀರ ಸಮಾಜವೇ ಮೊದಲಾದ ಕನ್ನಡ-ತುಳು ಸಮಾಜಗಳು ಕೋಟೆ ಪ್ರದೇಶದಲ್ಲಿ ಇಂಥ ಕನ್ನಡ ರಾತ್ರಿಶಾಲೆಗಳನ್ನು ನಡೆಸಿದುವು. ಅಲ್ಲಿ ಓದಿ ಮೆಟ್ರಿಕ್ ಮುಗಿಸಿ ಬ್ಯಾಂಕು ಸೇರಿದವರು, ವಕೀಲರಾದವರು, ಸ್ವಂತ ಹೊಟೇಲು ತೆರೆದವರು ಅನೇಕರು. ಈಗ ಆ ಶಾಲೆಗಳು ಒಂದೊಂದಾಗಿ ಕಡಮೆಯಾಗಿವೆ. ಸಂಜೆಯ ನಾಲ್ಕು ಗಂಟೆಗಳಿಂದ ಮನುಷ್ಯನೊಬ್ಬನ ಬಾಳು ಎಷ್ಟು ಬದಲಾಗಬಹುದೆಂಬುದಕ್ಕೆ ಅವಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಎರಡು ಮೂರು ದಿನದ ಪ್ರವಾಸಿ ರಾತ್ರಿಶಾಲೆಗೆ ಸೇರಬೇಕಾಗಿಲ್ಲ. ಆತನಿಗೆ ಬೇಕಾದುದು ಹೊತ್ತು ಹಗುರವಾಗಿ ಕಳೆಯುವ ಒಂದೆರಡು ಸ್ಥಳಗಳು. ನಕ್ಷೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳೋಣ. ಮುಂಬಯಿ ದಕ್ಷಿಣೋತ್ತರವಾಗಿ ಚಾಚಿಕೊಂಡ ಊರು. ದಕ್ಷಿಣದ ತುದಿಯಲ್ಲಿ ಚರ್ಚ್‌ಗೇಟ್, ಕೋಟೆ, ಮರೀನ್ ಡ್ರೈವ್. ನಡುವೆ ಪರೇಲ್, ದಾದರ್, ಮಾಟುಂಗ. ಅದರಾಚೆ ಬಾಂದ್ರಾದಿಂದ ಮೊದಲಾಗುವ ಉಪನಗರಗಳು. ದಕ್ಷಿಣದಿಂದಲೇ ಆರಂಭಿಸುವುದು ಅನುಕೂಲ.

ಕಡಲ ಕಟ್ಟೆಯ ಮೇಲೆ

ಮರೀನ್ ಡ್ರೈವ್ ಎಂಬುದು ಕಡಲನ್ನು ಹಿಂದಕ್ಕೆ ಒತ್ತಿ ಪಡೆದ ನೆಲದ ಅಂಚು. ನೇತಾಜಿ ಸುಭಾಷ್‌ಚಂದ್ರ ಬೋಸ್ ಮಾರ್ಗವೆಂಬುದು ಅದರ ಅಧಿಕೃತ ಹೆಸರಾದರೂ ಆ ಹೆಸರಿನಿಂದ ಕೇಳಿದರೆ ದಾರಿ ತೋರಿಸುವವರು ಕಡಮೆ. ನಾರಿಮನ್ ಪಾಯಿಂಟಿನಿಂದ ಚೌಪಾಟಿಯ ಮೇಲುಗಡೆಯವರೆಗೆ ಸುಮಾರು ಮೂರೂವರೆ ಕಿಲೋಮೀಟರು ಬಿಲ್ಲಿನಂತೆ ಬಾಗಿದ ರಸ್ತೆ, ಅದರ ಪಕ್ಕಕ್ಕೆ ಅಗಲವಾದ ಕಾಲುದಾರಿ, ಕಾಲುದಾರಿಯ ಅಂಚಿಗೆ ಕುಳಿತುಕೊಳ್ಳಲು ತಕ್ಕಷ್ಟು ಎತ್ತರದ ಉದ್ದನೆಯ ಕಟ್ಟೆ. ಈ ಕಟ್ಟೆಯೇ ಮುಂಬಯಿಯ ಅತಿ ದೊಡ್ಡ ಬೈಠಕ್‌ಖಾನೆ. ಟಿಕೆಟಿಲ್ಲ, ಬಾಗಿಲಿಲ್ಲ, ಏನನ್ನಾದರೂ ಕೊಂಡುಕೊಳ್ಳಲೇಬೇಕೆಂಬ ಬಲವಂತವಿಲ್ಲ.

ಸಂಜೆ ಇಲ್ಲಿ ಕುಳಿತವರನ್ನು ಸುಮ್ಮನೆ ಗಮನಿಸಿದರೆ, ಒಬ್ಬರೇ ಬಂದವರು ಎಷ್ಟೆಂಬುದು ತಿಳಿಯುತ್ತದೆ. ಕಛೇರಿಯ ಚೀಲ ಮಡಿಲಲ್ಲಿಟ್ಟುಕೊಂಡು ಅರ್ಧ ಗಂಟೆ ಕಡಲನ್ನು ನೋಡಿ ರೈಲಿಗೆ ಏಳುವ ಗುಮಾಸ್ತ, ಪರೀಕ್ಷೆಗೆ ಓದುವ ವಿದ್ಯಾರ್ಥಿನಿ, ಗಾಳಿ ಸೇವನೆಗೆ ಬಂದ ಮುದುಕರು. ಗಂಡ ಹೆಂಡಿರಿಗೂ ಪ್ರೇಮಿಗಳಿಗೂ ಮನೆಯಲ್ಲಿ ದೊರೆಯದ ಏಕಾಂತ ಇಲ್ಲಿ ಸಾವಿರಾರು ಜನರ ನಡುವೆ ದೊರೆಯುತ್ತದೆ. ಎಲ್ಲರೂ ಕಡಲಿಗೆ ಮುಖ ಮಾಡಿರುವುದರಿಂದ ಒಬ್ಬರ ಮುಖವನ್ನು ಇನ್ನೊಬ್ಬರು ನೋಡುವ ಪ್ರಮೇಯವೇ ಇಲ್ಲ.

ಸೂರ್ಯಾಸ್ತದ ಲೆಕ್ಕವನ್ನು ನಮ್ಮ ಕಡೆಯವರು ಸ್ವಲ್ಪ ತಿದ್ದಿಕೊಳ್ಳಬೇಕು. ಮುಂಬಯಿ ಬೆಂಗಳೂರಿನಿಂದ ಪಶ್ಚಿಮಕ್ಕೂ ಉತ್ತರಕ್ಕೂ ಇರುವುದರಿಂದ ಅಲ್ಲಿ ಹೊತ್ತು ಮುಳುಗುವುದು ತಡ. ಡಿಸೆಂಬರಿನಲ್ಲಿ ವ್ಯತ್ಯಾಸ ಕೆಲವೇ ನಿಮಿಷಗಳದು. ಜೂನಿನಲ್ಲಾದರೆ ಸುಮಾರು ಅರ್ಧ ಗಂಟೆಯದು. ಚಳಿಗಾಲದಲ್ಲಿ ಆರು ಗಂಟೆಯ ವೇಳೆಗೆ, ಜೂನ್ ತಿಂಗಳಲ್ಲಿ ಏಳೂಕಾಲರ ವೇಳೆಗೆ ಸೂರ್ಯ ಮುಳುಗುತ್ತಾನೆ. ಅದಕ್ಕೆ ಅರ್ಧ ಗಂಟೆ ಮುಂಚೆ ಬಂದು ಕುಳಿತರೆ ಕತ್ತಲಾಗುವಾಗ ರಸ್ತೆಯ ದೀಪಗಳು ಬಾಗಿದ ಸಾಲಿನಲ್ಲಿ ಹೊತ್ತಿಕೊಳ್ಳುವುದನ್ನೂ ನೋಡಬಹುದು. ‘ರಾಣಿಯ ಹಾರ’ವೆಂದು ಹಿಂದಿನವರು ಇದಕ್ಕೆ ಹೆಸರಿಟ್ಟುದು ಸುಮ್ಮನೆ ಅಲ್ಲ.

ಕಟ್ಟೆಯ ಗುಂಟ ನಡೆಯುತ್ತ ಹೋದರೆ ಗಿರಗಾಂವ್ ಚೌಪಾಟಿ. ೧೯೨೦ರ ಆಗಸ್ಟಿನಲ್ಲಿ ಲೋಕಮಾನ್ಯ ಟಿಳಕರ ಅಂತ್ಯಸಂಸ್ಕಾರ ನಡೆದುದು ಈ ಮರಳಿನ ಮೇಲೆ. ಅವರ ಪ್ರತಿಮೆ ಇಲ್ಲಿದೆ. ಇಂದು ಜನ ಬರುವುದು ಹೆಚ್ಚಾಗಿ ಭೇಲ್‌ಪುರಿಗೆ. ಮೈಸೂರಿನ ಚುರುಮುರಿಯನ್ನೂ ಹುಬ್ಬಳ್ಳಿಯ ಗಿರ್‌ಮಿಟ್ಟನ್ನೂ ತಿಂದು ಬೆಳೆದವರಿಗೆ ಇದು ದೂರದ ನಂಟನಂತೆ ತೋರಬಹುದು. ಹುಣಿಸೆಯ ಸಿಹಿ ಚಟ್ನಿಯೊಂದೇ ಮುಖ್ಯ ಭೇದ. ಒಬ್ಬರಿಗೆ ಒಂದು ಪೊಟ್ಟಣ ಸಾಕು. ಹೊಟ್ಟೆ ತುಂಬಿಸಿಕೊಳ್ಳಬೇಡಿ, ಊಟದ ವಿಷಯ ಮುಂದೆ ಬರುವುದಿದೆ.

ಮೈದಾನದ ಎರಡು ಬದಿಗಳು

ಚರ್ಚ್‌ಗೇಟ್ ನಿಲ್ದಾಣದಿಂದ ಹೊರಬಿದ್ದು ಬೆನ್ನ ಹಿಂದೆ ಕಡಲನ್ನು ಬಿಟ್ಟು ಪೂರ್ವಕ್ಕೆ ನಡೆದರೆ ಸಿಕ್ಕುವುದು ಓವಲ್ ಮೈದಾನ. ಸಂಜೆ ಚೆಂಡು ಕಾಣದಷ್ಟು ಕತ್ತಲಾಗುವವರೆಗೆ ಇಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ಒಂದರ ಪಕ್ಕಕ್ಕೆ ಒಂದರಂತೆ ನಡೆಯುವ ಆಟಗಳಲ್ಲಿ ಯಾವ ಚೆಂಡು ಯಾರದೆಂಬುದು ಆಡುವವರಿಗೆ ಮಾತ್ರ ಗೊತ್ತು. ಬೇಲಿಯ ಬಳಿ ನಿಂತು ನೋಡುವ ಅಪರಿಚಿತನಿಗೆ ಪಕ್ಕದವನು ಸ್ಕೋರು ಹೇಳುವುದು ಇಲ್ಲಿನ ವಾಡಿಕೆ.

ಮೈದಾನದ ಪೂರ್ವಕ್ಕೆ ಹತ್ತೊಂಬತ್ತನೆಯ ಶತಮಾನ, ಪಶ್ಚಿಮಕ್ಕೆ ಇಪ್ಪತ್ತನೆಯದು. ಪೂರ್ವದಲ್ಲಿ ಹೈಕೋರ್ಟು, ವಿಶ್ವವಿದ್ಯಾಲಯಗಳ ಕಲ್ಲಿನ ಶಿಖರಗಳು. ಪಶ್ಚಿಮದಲ್ಲಿ ೧೯೩೦ರ ದಶಕದ, ಹಡಗಿನಂತೆ ದುಂಡುಮೂಲೆಗಳುಳ್ಳ ವಸತಿ ಕಟ್ಟಡಗಳು, ಅವುಗಳ ತುದಿಗೆ ೧೯೩೮ರ ಏರೋಸ್ ಚಿತ್ರಮಂದಿರ. ಇವೆರಡು ಬಗೆಯ ಕಟ್ಟಡಗಳ ಸಮೂಹ ೨೦೧೮ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರಕ್ಕೂ ಸಂಜೆಗೂ ಒಂದು ಸಂಬಂಧವುಂಟು. ೧೮೭೮ರಲ್ಲಿ ಪೂರ್ಣಗೊಂಡ ಈ ಗೋಪುರಕ್ಕೆ ಹಣ ಕೊಟ್ಟವರು ಹತ್ತಿಯ ದೊಡ್ಡ ವ್ಯಾಪಾರಿ ಪ್ರೇಮಚಂದ ರಾಯಚಂದರು. ಹೆಸರು ಅವರ ತಾಯಿಯದು. ಆ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲವಂತೆ. ಜೈನರ ನಿಯಮದಂತೆ ಹೊತ್ತು ಮುಳುಗುವ ಮುನ್ನ ಊಟ ಮುಗಿಸಬೇಕಾದ ಆಕೆಗೆ, ಯಾರನ್ನೂ ಕೇಳದೆ ವೇಳೆ ತಿಳಿಯಲೆಂದು ಮಗ ಈ ಗಂಟೆಯನ್ನು ಕಟ್ಟಿಸಿದನೆಂದು ಮುಂಬಯಿಯವರು ಹೇಳುತ್ತಾರೆ. ಕಥೆಯಲ್ಲಿ ನಿಜ ಎಷ್ಟೇ ಇರಲಿ, ಸಂಜೆಯ ಗಂಟೆ ಕೇಳಿದಾಗ ಅದು ನೆನಪಾಗದೆ ಇರುವುದಿಲ್ಲ.

ಅಲ್ಲಿಂದ ಹುತಾತ್ಮ ಚೌಕಕ್ಕೆ ಐದು ನಿಮಿಷದ ದಾರಿ. ಸುತ್ತಿನ ಕಾಲುದಾರಿಗಳಲ್ಲಿ ಹಳೆಯ ಪುಸ್ತಕ ಮಾರುವವರಿದ್ದಾರೆ. ಪುಸ್ತಕದ ರುಚಿಯಿದ್ದವನಿಗೆ ಇಲ್ಲಿ ಗಂಟೆ ಕಳೆದುದೇ ತಿಳಿಯದು. ಚಹಾ ಬೇಕೆನಿಸಿದರೆ ಧೋಬಿ ತಲಾವಿನ ಕಡೆಗೆ ನಡೆದು, ೧೯೦೪ರಿಂದ ಇರುವ ಕ್ಯಾನಿಯಂಥ ಇರಾನಿ ಹೊಟೇಲನ್ನು ಹೊಕ್ಕಬಹುದು. ಅಮೃತಶಿಲೆಯ ಮೇಜು, ಬಾಗಿದ ಮರದ ಕುರ್ಚಿ, ಬೆಣ್ಣೆ ಸವರಿದ ಬನ್ನು, ಹಾಲು ಹೆಚ್ಚಾದ ಚಹಾ. ಇರಾನಿ ಹೊಟೇಲುಗಳು ಹುಟ್ಟಿದ್ದೇ ಒಬ್ಬಂಟಿಗರ ಹಣದಿಂದ ಎನ್ನಬಹುದು. ಒಂದು ಲೋಟ ಚಹಾ ಮುಂದಿಟ್ಟುಕೊಂಡು ಪತ್ರಿಕೆ ಓದುತ್ತ ಕುಳಿತವನನ್ನು ಏಳಿಸುವ ಪದ್ಧತಿ ಅಲ್ಲಿರಲಿಲ್ಲ. ಈಗ ಇಂಥ ಹೊಟೇಲುಗಳು ಬೆರಳೆಣಿಕೆಯಷ್ಟೇ ಉಳಿದಿವೆ, ಬಾಗಿಲು ಮುಚ್ಚುವುದೂ ಬೇಗ. ಕತ್ತಲಾಗುವ ಮುಂಚೆ ಹೋಗುವುದು ಮೇಲು.

ದಕ್ಷಿಣ ಭಾಗದಲ್ಲಿ ಸಂಜೆ ಕಳೆಯುವವರಿಗೆ ಇನ್ನೊಂದು ಲಾಭವುಂಟು. ಐದೂವರೆಯಿಂದ ಎಂಟೂವರೆಯವರೆಗೆ ಇಲ್ಲಿಂದ ಉತ್ತರಕ್ಕೆ ಹೊರಡುವ ಲೋಕಲ್ ರೈಲುಗಳಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ. ಈ ರೈಲುಗಳು ದಿನಕ್ಕೆ ಅರವತ್ತು ಲಕ್ಷಕ್ಕೂ ಮಿಕ್ಕಿದ ಪ್ರಯಾಣಿಕರನ್ನು ಹೊರುತ್ತವೆ. ಅವರಲ್ಲಿ ಬಹುಪಾಲು ಜನ ಮನೆ ಸೇರುವ ಹೊತ್ತು ಇದೇ. ಊರಿನವರಿಗೆ ಆತುರವಿದೆ, ಪ್ರವಾಸಿಗೆ ಇಲ್ಲ. ಒಂಬತ್ತರ ಸುಮಾರಿಗೆ ಹೊರಟರೆ ಅದೇ ರೈಲಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಬಹುದು. ಅದೃಷ್ಟವಿದ್ದರೆ ತಾಳ ಹಾಕುತ್ತ ಅಭಂಗ ಹಾಡುವ ಭಜನಾ ಮಂಡಳಿಯವರ ಡಬ್ಬಿಯೂ ದೊರೆಯಬಹುದು. ನಿತ್ಯವೂ ಒಂದೇ ರೈಲು ಹಿಡಿಯುವ ನೌಕರರು ಕಟ್ಟಿಕೊಂಡ ಮಂಡಳಿಗಳು ಇವು.

ಮಾಟುಂಗದ ಬಾಳೆಯೆಲೆ

ಒಬ್ಬನೇ ಹೊಟೇಲಿಗೆ ಹೋದಾಗ ಎದುರಾಗುವ ಸಂಕೋಚ ಅನುಭವಿಸಿದವರಿಗೇ ಗೊತ್ತು. “ಎಷ್ಟು ಜನ?” ಎಂದು ಬಾಗಿಲಲ್ಲಿ ಕೇಳುತ್ತಾರೆ, “ಒಬ್ಬನೇ” ಎಂದೊಡನೆ ಮೂಲೆಯ ಮೇಜು ತೋರಿಸುತ್ತಾರೆ. ಈ ಸಂಕೋಚವಿಲ್ಲದೆ ಉಣ್ಣಬೇಕಾದರೆ ಮಾಟುಂಗಕ್ಕೆ ಹೋಗಬೇಕು. ಪರೇಲಿನಲ್ಲಿ ಇಳಿದುಕೊಂಡವರಿಗಂತೂ ಇದು ಎರಡೇ ನಿಲ್ದಾಣಗಳ ದೂರ. ರೈಲಿನ ನೂಕುನುಗ್ಗಲಿನ ಹೊತ್ತಾದರೆ ಬಸ್ಸು ಹಿಡಿಯಬಹುದು.

ಮಾಟುಂಗ ಮುಂಬಯಿಯೊಳಗಿನ ದಕ್ಷಿಣ ದೇಶ. ನಿಲ್ದಾಣದ ಆಚೆ ಕಾಲಿಟ್ಟೊಡನೆ ಮಲ್ಲಿಗೆ ಮಾಲೆಗಳ ಸಾಲು, ಹುರಿದ ಕಾಫಿಬೀಜದ ವಾಸನೆ, ಆಸ್ತಿಕ ಸಮಾಜದ ದೇವಸ್ಥಾನದ ದೀಪಗಳು. ನಿಲ್ದಾಣದ ಸಮೀಪದಲ್ಲೇ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ೧೯೪೨ರಲ್ಲಿ ಆರಂಭವಾದುದು. ಇಲ್ಲಿ ಬಾಳೆಯೆಲೆಯ ಮೇಲೆ ಅನ್ನ, ಸಾರು, ಹುಳಿ, ಪಲ್ಯ, ಮಜ್ಜಿಗೆ. ಸಾಲು ನಿಲ್ಲಬೇಕಾಗುವುದು ಸಾಮಾನ್ಯ. ಆ ಸಾಲಿನಲ್ಲಿ ಸಂಸಾರ ಸಮೇತ ಬಂದವರೂ ಉಂಟು, ಒಬ್ಬರೇ ಬಂದವರೂ ಉಂಟು. ಸ್ಥಳ ಎಲ್ಲಿ ತೆರವಾಯಿತೋ ಅಲ್ಲಿ ಕುಳಿತುಕೊಳ್ಳುವುದು. ಎದುರಿಗೆ ಕುಳಿತವನು ಗುಜರಾತಿಯೋ ತಮಿಳನೋ ಆಗಿರಬಹುದು. ಊಟದ ಮನೆಯಲ್ಲಿ ಒಂಟಿತನವೆಂಬುದಕ್ಕೆ ಅರ್ಥವೇ ಇಲ್ಲ. ಬಡಿಸುವವನು ಎಲ್ಲರ ಎಲೆಗೂ ಒಂದೇ ಸೌಟಿನಿಂದ ಬಡಿಸುತ್ತಾನೆ.

ಮುಂಬಯಿಯ ಯಾವುದೇ ಉಡುಪಿ ಹೊಟೇಲಿನಲ್ಲಿ ಗಲ್ಲೆಯ ಮೇಲೆ ಕುಳಿತವರೊಡನೆ ಕನ್ನಡದಲ್ಲಿ ಒಂದು ಮಾತಾಡಿ ನೋಡಿ. ಅದುವರೆಗೆ ಹಿಂದಿಯಲ್ಲಿ ಚಿಲ್ಲರೆ ಕೇಳುತ್ತಿದ್ದವರು ತಲೆಯೆತ್ತಿ, “ಓ, ನಮ್ಮ ಕಡೆಯವರೋ! ಯಾವ ಊರಾಯಿತು ನಿಮಗೆ?” ಎಂದು ವಿಚಾರಿಸುತ್ತಾರೆ. ಮಂಗಳೂರು ಉಡುಪಿಯ ಕಡೆಯ ಹೆಸರು ಹೇಳಿದರೋ, ಮುಂದಿನ ಮಾತು ತುಳುವಿನಲ್ಲೇ: “ಈರೆನ ಊರು ಓಲು?” ಇಷ್ಟರ ಮೇಲೆ ಮಾತು ಮಳೆ, ಅಡಿಕೆಯ ಧಾರಣೆ, ಊರಿನ ಜಾತ್ರೆಗಳತ್ತ ಹರಿಯುತ್ತದೆ. ಹತ್ತು ನಿಮಿಷದ ಈ ಮಾತು ದಿನವಿಡೀ ಯಾರೊಡನೆಯೂ ಮನಬಿಚ್ಚಿ ಮಾತಾಡದವನಿಗೆ ಎಷ್ಟು ಹಿತವೆಂಬುದನ್ನು ಹೇಳಬೇಕಾಗಿಲ್ಲ.

ರಂಗಮಂದಿರದ ಕತ್ತಲೆ

ಒಬ್ಬನೇ ಇದ್ದಾಗ ಚಲನಚಿತ್ರಕ್ಕೆ ಹೋಗುವುದು ಎಲ್ಲ ಊರಿನ ಉಪಾಯ. ಅದನ್ನು ಎಲ್ಲಿ ಬೇಕಾದರೂ ಮಾಡಬಹುದು. ಮುಂಬಯಿಯಲ್ಲಿ ಮಾತ್ರ ದೊರೆಯುವಂಥದು ಮರಾಠಿ ರಂಗಭೂಮಿ. ದಾದರಿನ ಶಿವಾಜಿ ಮಂದಿರ ೧೯೬೫ರಿಂದ ಈ ರಂಗಭೂಮಿಯ ಮುಖ್ಯ ನೆಲೆಗಳಲ್ಲೊಂದು. ನಾಟಕ ನೋಡುವುದು ಮರಾಠಿ ಮಧ್ಯಮ ವರ್ಗಕ್ಕೆ ಹಬ್ಬದೂಟದಷ್ಟೇ ಸಹಜ. ವಿರಾಮದಲ್ಲಿ ಬಟಾಟೆ ವಡೆ ತಿನ್ನುವುದೂ ನಾಟಕದ ಒಂದು ಅಂಕವೇ. ಉತ್ತರ ಕರ್ನಾಟಕದವರಿಗೆ ಭಾಷೆಯ ತೊಡಕಿಲ್ಲ. ಹಳೆಯ ಮೈಸೂರಿನವರಿಗೂ ನಟರ ಮುಖಭಾವದಿಂದ ಅರ್ಧ ಅರ್ಥವಾಗುತ್ತದೆ, ಉಳಿದರ್ಧವನ್ನು ಸುತ್ತಿನವರ ನಗೆ ತಿಳಿಸುತ್ತದೆ.

ಈ ರಂಗಭೂಮಿ ನಮಗೆ ಪರಕೀಯವೂ ಅಲ್ಲ. ಉತ್ತರ ಕನ್ನಡದಿಂದ ಸಾಂಗ್ಲಿಗೆ ಹೋದ ಭಾಗವತ ಮೇಳದ ಆಟ ನೋಡಿದ ಮೇಲೆಯೇ ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿದುದು; ಮರಾಠಿ ನಾಟಕದ ಇತಿಹಾಸ ಅಲ್ಲಿಂದಲೇ ಮೊದಲಾಗುತ್ತದೆ. ಆ ಸಾಲ ಮುಂದೆಯೂ ಬೆಳೆಯಿತು. ಗಿರೀಶ ಕಾರ್ನಾಡರ ‘ತುಘಲಕ್’ ೧೯೭೦ರಲ್ಲಿ ಅಲೀಕ್ ಪದಮ್‌ಸೀಯವರ ನಿರ್ದೇಶನದಲ್ಲಿ ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ ಪ್ರಯೋಗವಾಯಿತು. ಅದನ್ನು ಮರಾಠಿಗೆ ತಂದವರು ವಿಜಯ ತೆಂಡೂಲಕರರು.

ಉಪನಗರದಲ್ಲಿ ಉಳಿದವರಿಗೆ ಜುಹುವಿನ ಪೃಥ್ವೀ ಥಿಯೇಟರ್ ಇದೆ. ಪೃಥ್ವೀರಾಜ ಕಪೂರರ ನೆನಪಿಗೆ ಮಗ ಶಶಿ ಕಪೂರ್ ಮತ್ತು ಸೊಸೆ ಜೆನ್ನಿಫರ್ ೧೯೭೮ರಲ್ಲಿ ಕಟ್ಟಿಸಿದುದು. ಇನ್ನೂರರಷ್ಟೇ ಆಸನಗಳು, ನಟನ ಬೆವರು ಕಾಣುವಷ್ಟು ಹತ್ತಿರ. ಆಟ ಆರಂಭವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ, ಆದ್ದರಿಂದ ಸಂಜೆಯ ರಸ್ತೆಯನ್ನು ನಂಬಿ ತಡಮಾಡಬಾರದು. ನಾರಿಮನ್ ಪಾಯಿಂಟಿನಲ್ಲಿ ೧೯೬೯ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರವುಂಟು. ಮರೀನ್ ಡ್ರೈವಿನ ನಡಿಗೆ ಮುಗಿಸಿ ಅಲ್ಲಿಗೆ ಹೋಗುವುದು ಸುಲಭ.

ಸಂಗೀತ ಪ್ರಿಯರಿಗೆ ಕಿಂಗ್ಸ್ ಸರ್ಕಲಿನ ಬಳಿಯ ಷಣ್ಮುಖಾನಂದ ಸಭಾಗೃಹ. ೧೯೫೨ರಲ್ಲಿ ಹುಟ್ಟಿದ ಸಭೆ ೧೯೬೩ರಲ್ಲಿ ಈ ಭವ್ಯ ಭವನವನ್ನು ಪಡೆಯಿತು. ೧೯೯೦ರಲ್ಲಿ ಬೆಂಕಿ ಬಿದ್ದು ಸುಟ್ಟುಹೋದ ಅದನ್ನು ಮತ್ತೆ ಕಟ್ಟಿ ೧೯೯೮ರಲ್ಲಿ ತೆರೆದರು. ಎರಡೂವರೆ ಸಾವಿರಕ್ಕೂ ಹೆಚ್ಚು ಜನ ಕುಳಿತುಕೊಳ್ಳಬಹುದಾದ ಸಭೆಯಲ್ಲಿ ಒಂಟಿಯಾಗಿ ಬಂದವನಿಗೆ ಒಂದು ಅನುಕೂಲವುಂಟು. ಟಿಕೆಟು ಮುಗಿಯುತ್ತ ಬಂದ ದಿನವೂ ಎಲ್ಲೋ ಒಂದು ಕುರ್ಚಿ ಉಳಿದಿರುತ್ತದೆ. ಜೊತೆಯಾಗಿ ಬಂದವರಿಗೆ ಅದು ಬೇಡ.

ಕನ್ನಡದ ಸಂಜೆ

ಮಾಟುಂಗದಲ್ಲೇ ೧೯೨೬ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ ಇದೆ. ಅದಲ್ಲದೆ ಕರ್ನಾಟಕ ಸಂಘ, ಕುರ್ಲಾದಲ್ಲಿ ಬಂಟರ ಸಂಘ, ಸಾಂತಾಕ್ರೂಜಿನಲ್ಲಿ ಬಿಲ್ಲವರ ಭವನ, ಹೀಗೆ ಕನ್ನಡ ತುಳು ಸಂಸ್ಥೆಗಳು ಊರಿನ ಉದ್ದಕ್ಕೂ ಇವೆ. ಶನಿವಾರ ಭಾನುವಾರಗಳ ಸಂಜೆ ಎಲ್ಲೋ ಒಂದೆಡೆ ನಾಟಕ, ಉಪನ್ಯಾಸ, ಪುಸ್ತಕ ಬಿಡುಗಡೆ, ತಾಳಮದ್ದಳೆ ನಡೆಯುತ್ತಲೇ ಇರುತ್ತದೆ. ಹೋಗುವುದಕ್ಕೆ ಮುಂಚೆ ಫೋನು ಮಾಡಿ ವಿಚಾರಿಸಿದರೆ ಸಾಕು. ಬಾಗಿಲಲ್ಲಿ ಆಮಂತ್ರಣ ಪತ್ರಿಕೆ ಕೇಳುವವರಿಲ್ಲ.

ಮಳೆಗಾಲದಲ್ಲಿ ಹೋದವರಿಗೆ ಇನ್ನೂ ಒಂದು ಭಾಗ್ಯವುಂಟು. ಕರಾವಳಿಯಲ್ಲಿ ಮೇ ತಿಂಗಳ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅನಂತರದ ಬಿಡುವಿನ ತಿಂಗಳುಗಳಲ್ಲಿ ಕಲಾವಿದರ ತಂಡಗಳು ಮುಂಬಯಿಗೆ ಬಂದು ಸಭಾಭವನಗಳಲ್ಲಿ ಆಟ ಆಡುತ್ತವೆ. ಹೊರಗೆ ಮುಂಬಯಿಯ ಮಳೆ, ಒಳಗೆ ಚೆಂಡೆ. ಮುಂದಿನ ಸಾಲಿನಲ್ಲಿ, ಹೊಟೇಲಿಗೆ ಬೇಗ ಬೀಗ ಹಾಕಿಸಿ ಬಂದ ಮಾಲಿಕರೂ ಹಿಂದಿನ ಸಾಲಿನಲ್ಲಿ ಅವರದೇ ಹುಡುಗರೂ ಒಂದೇ ಪದ್ಯಕ್ಕೆ ತಲೆದೂಗುತ್ತಾರೆ.

ಓದುವ ಅಭ್ಯಾಸವಿರುವವರು ಚೀಲದಲ್ಲಿ ಯಶವಂತ ಚಿತ್ತಾಲರ ‘ಶಿಕಾರಿ’ಯನ್ನೋ ಜಯಂತ ಕಾಯ್ಕಿಣಿಯವರ ಕಥಾಸಂಗ್ರಹವನ್ನೋ ಇಟ್ಟುಕೊಂಡು ಹೋಗಬೇಕು. ಹನೇಹಳ್ಳಿಯ ಚಿತ್ತಾಲರು ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಕಡಲೆದುರಿನ ಮನೆಯಲ್ಲಿದ್ದು ಬರೆದವರು, ೨೦೧೪ರಲ್ಲಿ ತೀರಿಕೊಂಡರು. ೧೯೭೯ರ ‘ಶಿಕಾರಿ’ ಮುಂಬಯಿಯಲ್ಲಿ ಒಬ್ಬಂಟಿಯಾದ ಮನುಷ್ಯನ ಕಥೆ. ಗೋಕರ್ಣದ ಕಾಯ್ಕಿಣಿಯವರ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನರ ಇಂಗ್ಲಿಷ್ ಅನುವಾದದಲ್ಲಿ ೨೦೧೮ರ ದಕ್ಷಿಣ ಏಷ್ಯಾ ಸಾಹಿತ್ಯದ ಡಿ.ಎಸ್.ಸಿ. ಪ್ರಶಸ್ತಿ ಪಡೆದುವು. ಚಿತ್ತಾಲರು ನೋಡುತ್ತಿದ್ದ ಅದೇ ಕಡಲ ದಂಡೆಯಲ್ಲಿ ಸಂಜೆ ನಡೆದಾಡುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಹೆಣ್ಣುಮಕ್ಕಳು ಒಬ್ಬರೇ ಹೋದರೆ

ಮಗಳು ಮುಂಬಯಿಗೆ ಒಬ್ಬಳೇ ಹೊರಟಾಗ ತಾಯಿಯ ಎದೆ ಡವಗುಟ್ಟುವುದು ಸಹಜ. ಆದರೆ ಸಂಜೆಯಾದ ಮೇಲೆ ಹೆಣ್ಣುಮಕ್ಕಳು ಸಹಜವಾಗಿ ಓಡಾಡುವ ಊರುಗಳಲ್ಲಿ ಮುಂಬಯಿಗೆ ಒಳ್ಳೆಯ ಹೆಸರಿದೆ. ದುಡಿಯುವ ಹೆಂಗಸರ ದೊಡ್ಡ ಸಮುದಾಯವೊಂದು ದಿನವೂ ರಾತ್ರಿ ಮನೆಗೆ ಮರಳುವುದೇ ಇದಕ್ಕೆ ಕಾರಣ. ಲೋಕಲ್ ರೈಲುಗಳಲ್ಲಿ ಮಹಿಳೆಯರಿಗೆ ಪ್ರತ್ಯೇಕ ಡಬ್ಬಿಗಳಿವೆ. ರಾತ್ರಿಯ ಹೊತ್ತು ಅವುಗಳಿಗೆ ಪೊಲೀಸ್ ಕಾವಲು ಇಡುವ ಪದ್ಧತಿಯಿದೆ. ೧೯೯೨ರ ಮೇ ತಿಂಗಳಲ್ಲಿ ಚರ್ಚ್‌ಗೇಟಿನಿಂದ ಬೊರಿವಲಿಗೆ ಇಡೀ ರೈಲೇ ಹೆಂಗಸರದಾಗಿ ಓಡತೊಡಗಿತು. ಆ ಡಬ್ಬಿಗಳಲ್ಲಿ ತರಕಾರಿ ಬಿಡಿಸುವವರು, ಹೂ ಕಟ್ಟುವವರು, ಹುಟ್ಟುಹಬ್ಬ ಆಚರಿಸುವವರು ಎಲ್ಲರೂ ಇರುತ್ತಾರೆ. ಇಳಿಯುವ ನಿಲ್ದಾಣ ಯಾವ ಬದಿಗೆ ಬರುತ್ತದೆಂದು ಕೇಳಿದರೆ ನಾಲ್ಕು ಮಂದಿ ಒಟ್ಟಿಗೆ ಹೇಳುತ್ತಾರೆ. ನಮ್ಮ ಮಾಟುಂಗ ನಿಲ್ದಾಣವನ್ನು ೨೦೧೭ರಲ್ಲಿ ಸ್ಟೇಷನ್ ಮಾಸ್ತರರಿಂದ ಹಿಡಿದು ಪೂರ್ತಿಯಾಗಿ ಮಹಿಳಾ ಸಿಬ್ಬಂದಿಗೇ ಒಪ್ಪಿಸಲಾಯಿತು.

ಹಾಗೆಂದು ಎಚ್ಚರ ಬೇಡವೆಂದಲ್ಲ. ಜನವಿರುವ ದಾರಿಯಲ್ಲೇ ನಡೆಯುವುದು, ಉಳಿದುಕೊಂಡ ಸ್ಥಳದ ವಿಳಾಸವನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳುವುದು, ಹೊರಡುವಾಗಲೂ ಮರಳಿದಾಗಲೂ ಮನೆಗೆ ಒಂದು ಮಾತು ತಿಳಿಸುವುದು, ತೊಂದರೆಯಾದರೆ ೧೧೨ಕ್ಕೆ ಕರೆ ಮಾಡುವುದು. ಇವು ಗಂಡಸರಿಗೂ ಸಲ್ಲುವ ಮಾತುಗಳೇ.

ನೆನಪಿಡತಕ್ಕ ಕೆಲವು ಸಂಗತಿಗಳು

ಆಟೋರಿಕ್ಷಾಗಳು ಉಪನಗರಗಳಿಗೆ ಮಾತ್ರ. ಬಾಂದ್ರಾದಿಂದ ದಕ್ಷಿಣಕ್ಕೆ ಅವು ಬರುವುದಿಲ್ಲ, ಅಲ್ಲಿ ಟ್ಯಾಕ್ಸಿ ಇಲ್ಲವೆ ಬಸ್ಸು. ಮೀಟರು ಹಾಕಿಸಿಕೊಂಡೇ ಕುಳಿತುಕೊಳ್ಳಿ. ಸಂಜೆಯ ಜನಸಂದಣಿಯಲ್ಲಿ ಹಣದ ಪರ್ಸು ಮುಂದಿನ ಜೇಬಿನಲ್ಲಿರಲಿ. “ಸಿನಿಮಾ ಸ್ಟುಡಿಯೋ ತೋರಿಸುತ್ತೇನೆ”, “ಅಗ್ಗದಲ್ಲಿ ಕೊಡಿಸುತ್ತೇನೆ” ಎಂದು ತಾವಾಗಿ ಮಾತಿಗೆಳೆಯುವವರಿಗೆ ಒಂದು ನಮಸ್ಕಾರ ಹಾಕಿ ಮುಂದೆ ನಡೆಯುವುದು ಕ್ಷೇಮ. ಮಳೆಗಾಲದಲ್ಲಿ ಭರತ ಏರಿದಾಗ ಮರೀನ್ ಡ್ರೈವಿನ ಕಟ್ಟೆಯ ಮೇಲೆ ಕುಳಿತುಕೊಳ್ಳಬಾರದು. ಯಾವ ಕಾಲದಲ್ಲೂ ಕಟ್ಟೆಯಿಂದಾಚೆ ಇರುವ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳ ಮೇಲೆ ಇಳಿಯಬಾರದು; ಪಾಚಿಗಟ್ಟಿದ ಆ ದಿಮ್ಮಿಗಳಿಂದ ಜಾರಿ ಪ್ರಾಣ ಕಳೆದುಕೊಂಡವರಿದ್ದಾರೆ. ಲೋಕಲ್ ರೈಲುಗಳು ನಡುರಾತ್ರಿ ದಾಟುವವರೆಗೂ ಓಡುತ್ತವೆ, ಆದರೆ ಕೊನೆಯ ರೈಲಿಗೆ ಕಾಯುವುದು ಹೊಸಬರ ಕೆಲಸವಲ್ಲ.

ಎರಡು ಕಠಿಣ ಸಂಜೆಗಳು

ಈ ಊರು ಪರಸ್ಥಳದವನನ್ನು ಹೇಗೆ ನೋಡಿಕೊಳ್ಳುತ್ತದೆ ಎಂಬುದಕ್ಕೆ ಎರಡು ಸಂಜೆಗಳು ಸಾಕ್ಷಿ. ಒಂದು, ೨೦೦೫ರ ಜುಲೈ ೨೬. ಆ ದಿನ ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ ೯೪೪ ಮಿಲಿಮೀಟರು ಮಳೆ ಸುರಿಯಿತು. ರೈಲು ನಿಂತಿತು, ರಸ್ತೆ ಮುಳುಗಿತು, ಫೋನು ಸತ್ತಿತು. ಲಕ್ಷಾಂತರ ಜನ ಎದೆಮಟ್ಟದ ನೀರಿನಲ್ಲಿ ಮನೆಯತ್ತ ನಡೆದರು. ದಾರಿಯ ಎರಡೂ ಬದಿಯ ಮನೆಗಳವರು ಬಾಗಿಲು ತೆರೆದು ಅಪರಿಚಿತರಿಗೆ ಚಹಾ ಕೊಟ್ಟರು, ಒಣಬಟ್ಟೆ ಕೊಟ್ಟರು, ಹಾಸಿಗೆ ಹಾಸಿದರು. ಯಾವ ಊರು, ಯಾವ ಜಾತಿ ಎಂದು ಕೇಳುವ ಹೊತ್ತು ಅದಾಗಿರಲಿಲ್ಲ.

ಇನ್ನೊಂದು, ೨೦೦೮ರ ನವೆಂಬರ್ ೨೬. ರಾತ್ರಿ ಒಂಬತ್ತೂವರೆಯ ಸುಮಾರಿಗೆ ಭಯೋತ್ಪಾದಕರು ಗುಂಡಿನ ಮಳೆಗರೆದುದು ಊರಿನ ಸಂಜೆಯ ತಾಣಗಳ ಮೇಲೆಯೇ: ಕೊಲಾಬಾದ ಕೆಫೆ, ತಾಜ್ ಹೊಟೇಲು, ಛತ್ರಪತಿ ಶಿವಾಜಿ ನಿಲ್ದಾಣ. ಆ ನಿಲ್ದಾಣದಲ್ಲಿ ಬಲಿಯಾದವರಲ್ಲಿ ಬಹುಮಂದಿ ದೂರದೂರಿನ ರೈಲಿಗೆ ಗಂಟುಮೂಟೆಯೊಡನೆ ಕಾಯುತ್ತಿದ್ದ ಸಾಮಾನ್ಯ ಪ್ರಯಾಣಿಕರು. ಒಟ್ಟು ಸತ್ತವರು ೧೬೬ ಮಂದಿ. ಮರುದಿನವೇ ನಿಲ್ದಾಣದಿಂದ ರೈಲುಗಳು ಹೊರಟುವು. ಇಂದು ಆ ನಿಲ್ದಾಣದ ಎದುರು ಸಂಜೆ ನಿಂತರೆ, ೧೮೮೮ರ ಕಲ್ಲಿನ ಕಟ್ಟಡದ ಮೇಲೆ ದೀಪಗಳು ಹೊತ್ತಿಕೊಂಡಿರುತ್ತವೆ, ಕೆಳಗೆ ಜನಪ್ರವಾಹ ಹರಿಯುತ್ತಿರುತ್ತದೆ. ಯಾರಿಗೂ ಯಾರ ಗುರುತಿಲ್ಲ. ಆದರೂ ಪಕ್ಕದವನಿಂದ ತನಗೆ ಕೇಡಿಲ್ಲವೆಂಬ ನಂಬಿಕೆಯ ಮೇಲೆ ಎಲ್ಲರೂ ನಡೆಯುತ್ತಿದ್ದಾರೆ. ಒಂಟಿ ಪ್ರವಾಸಿಯನ್ನು ಸಂಜೆ ಹೊರಗೆ ಕರೆತರುವುದೂ ಆ ನಂಬಿಕೆಯೇ.

ಆದ್ದರಿಂದ ನಿಮ್ಮವರು ಯಾರಾದರೂ ಮುಂಬಯಿಗೆ ಒಬ್ಬರೇ ಹೊರಟಿದ್ದರೆ, ಊಟದ ಡಬ್ಬಿ, ಮಾತ್ರೆ, ರೈಲಿನ ಟಿಕೆಟುಗಳ ಜೊತೆಗೆ ಈ ನಾಲ್ಕು ಹೆಸರುಗಳನ್ನೂ ಒಂದು ಚೀಟಿಯಲ್ಲಿ ಬರೆದುಕೊಡಿ: ಮರೀನ್ ಡ್ರೈವಿನ ಕಟ್ಟೆ, ಮಾಟುಂಗದ ಊಟದ ಮನೆ, ದಾದರಿನ ನಾಟಕ, ಕನ್ನಡ ಸಂಘದ ಫೋನ್ ನಂಬರು. ಆಸ್ಪತ್ರೆಯ ಬಾಗಿಲಲ್ಲಿ ನಿಂತವನಿಗೂ ಇವುಗಳಲ್ಲೊಂದು ಒಂದು ಗಂಟೆಯ ಮಟ್ಟಿಗಾದರೂ ಆಸರೆಯಾದೀತು. ರಾತ್ರಿ ಒಂಬತ್ತಕ್ಕೆ ಅವರಿಂದ ಫೋನು ಬಂದಾಗ “ಊಟವಾಯಿತೆ?” ಎಂದು ಕೇಳುವುದರ ಜೊತೆಗೆ, “ಸಂಜೆ ಎಲ್ಲಿಗೆ ಹೋಗಿದ್ದೆ?” ಎಂದೂ ಕೇಳಿ.